ಸೂಜಿ, ಆರಿ, ಸರ್ಟಿಫಿಕೇಟು



ವಾರ್ಷಿಕೋತ್ಸವದ ಸಂಚಿಕೆಗೆ ಚರಿತ್ರೆಯ ಲೇಖನ ಒಂದು ಬೇಕು ಅಂತ ಸಂಘದ ಹುಡುಗರು ಕೇಳಿದರು. ರಾಜರ ಕತೆ, ಯುದ್ಧದ ಕತೆ ಶಾಲೆ ಪುಸ್ತಕದಲ್ಲೇ ಬೇಕಾದಷ್ಟಿದೆ. ಅದಕ್ಕೆ ನಮ್ಮ ಮನೆಗಳಲ್ಲಿ ದಿನಾ ಕೈಗೆ ಸಿಗೋ ಒಂದು ಸಾಮಾನಿನ ಚರಿತ್ರೆ ಬರೆಯೋಣ ಅಂದುಕೊಂಡೆ. ಅದು ಸೂಜಿ. ಅದರ ಜೊತೆಗೇ ಬರೋದು ಸರ್ಟಿಫಿಕೇಟಿನ ಕತೆ.

ಇದನ್ನೇ ಆರಿಸಿಕೊಳ್ಳೋದಕ್ಕೆ ಎರಡು ಮಾತು ಕಾರಣ. ಮೊದಲನೇದು ನಮ್ಮ ಬೀದಿಯ ತಂಗಿ ಒಬ್ಬಳದು. ಮೂರು ತಿಂಗಳ ಹೊಲಿಗೆ ತರಬೇತಿ ಮುಗಿಸಿದ್ದಾಳೆ, ಬ್ಲೌಸ್ ಚೆನ್ನಾಗಿ ಹೊಲಿತಾಳೆ. ಮುಂದಿನ ಪರೀಕ್ಷೆಗೆ ಕಟ್ಟಮ್ಮ ಅಂದರೆ, "ಅಣ್ಣ, ಇನ್ನೊಂದು ಕಾಗ್ದ ಇಸ್ಕೊಂಡು ಏನ್ ಮಾಡ್ಲಿ? ಬ್ಲೌಸ್ ಹೊಲಿಯೋಕೆ ಯಾರಾದ್ರೂ ಕಾಗ್ದ ಕೇಳ್ತಾರಾ?" ಅಂದಳು. ಎರಡನೇದು ಹಿರಿಯರೊಬ್ಬರದು. ಸಂಘದಿಂದ ಹೊಲಿಗೆ, ಕಸೂತಿಯ ದೊಡ್ಡ ತರಬೇತಿ ಮಾಡಿಸೋಣ ಅಂತ ಮಾತು ಬಂದಾಗ ಅವರು, "ನಮ್ಮಪ್ಪ ಆರಿ ಬುಟ್ಟು ಬಂದವ್ನೆ. ನೀವು ತಿರ್ಗ ಸೂಜಿ ಹಿಡೀರಿ ಅಂತೀರಲ್ಲ, ಇದ್ಯಾವ ನ್ಯಾಯ ಕಣಪ್ಪ?" ಅಂದರು. ಎರಡು ಪ್ರಶ್ನೆಯೂ ನ್ಯಾಯವಾದದ್ದೇ. ಉತ್ತರಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಚಮ್ಮಾರನ ಆರಿ, ಮದುವೆ ಬ್ಲೌಸಿನ ಆರಿ

ಈಗ ಊಟಿ, ಗೂಡಲೂರು, ಮೈಸೂರು ಎಲ್ಲಿ ಹೋದರೂ ಟೈಲರ್ ಅಂಗಡಿ ಬೋರ್ಡಿನ ಮೇಲೆ 'ಆರಿ ವರ್ಕ್' ಅಂತ ಬರೆದಿರುತ್ತೆ. ಮದುವೆ ಹೆಣ್ಣಿನ ಬ್ಲೌಸಿಗೆ ಆರಿ ವರ್ಕ್ ಇಲ್ಲದಿದ್ದರೆ ಆಗಲ್ಲ ಅನ್ನೋ ಕಾಲ ಇದು. ಮರದ ಚೌಕಟ್ಟಿಗೆ ಬಟ್ಟೆ ಬಿಗಿಯಾಗಿ ಕಟ್ಟುತ್ತಾರೆ. ಮರದ ಹಿಡಿಯ, ತುದಿಯಲ್ಲಿ ಸಣ್ಣ ಕೊಕ್ಕೆ ಇರೋ ಸೂಜಿ ಬಲಗೈಲಿ. ದಾರ ಬಟ್ಟೆಯ ಕೆಳಗೆ ಎಡಗೈಲಿ. ಸೂಜಿ ಮೇಲಿಂದ ಚುಚ್ಚಿ, ಕೆಳಗಿನ ದಾರವನ್ನು ಕೊಕ್ಕೆಯಲ್ಲಿ ಹಿಡಿದು ಮೇಲಕ್ಕೆ ಎಳೆಯುತ್ತೆ. ಆ ಕುಣಿಕೆಯೊಳಗೆ ಮತ್ತೊಂದು ಕುಣಿಕೆ, ಅದರೊಳಗೆ ಮತ್ತೊಂದು. ಅದೇ ಸರಪಳಿ ಹೊಲಿಗೆ.

ಈ ಸೂಜಿ ಬಂದದ್ದು ಚಮ್ಮಾರರ ಕೈಯಿಂದ. 'ಆರಾ' ಅನ್ನೋ ಸಂಸ್ಕೃತ ಶಬ್ದಕ್ಕೆ ಅಮರಕೋಶವೇ ಚರ್ಮ ಚುಚ್ಚುವ ಸಾಧನ ಅಂತ ಅರ್ಥ ಕೊಡುತ್ತೆ. ಗುಜರಾತಿನ ಕಚ್ಛದಲ್ಲಿ ಮೋಚಿಗಳು, ಅಂದರೆ ಚರ್ಮದ ಕೆಲಸದವರು, ಜೋಡು ಮತ್ತು ಜೀನು ಹೊಲಿಯುತ್ತಿದ್ದ ಆರಿಯನ್ನೇ ಸಣ್ಣದು ಮಾಡಿಕೊಂಡು ರೇಷ್ಮೆ ದಾರದಲ್ಲಿ ಬಟ್ಟೆಯ ಮೇಲೆ ಹೂ ಬಳ್ಳಿ ಬಿಡಿಸಿದರು. ಅದಕ್ಕೆ ಇವತ್ತೂ 'ಮೋಚಿ ಭರತ' ಅಂತಲೇ ಹೆಸರು. ಅರಮನೆಗಳಿಗೆ ಹೋಯಿತು. 17ನೇ ಶತಮಾನದಲ್ಲಿ ಗುಜರಾತಿನ ಸರಪಳಿ ಹೊಲಿಗೆಯ ಬಟ್ಟೆಗಳು ಈಸ್ಟ್ ಇಂಡಿಯಾ ಕಂಪನಿಯ ಹಡಗಿನಲ್ಲಿ ಇಂಗ್ಲೆಂಡಿಗೂ ಹೋದವು. 18ನೇ ಶತಮಾನದಲ್ಲಿ ಫ್ರಾನ್ಸಿನ ಶ್ರೀಮಂತ ಹೆಂಗಸರು ದುಂಡು ಚೌಕಟ್ಟಿಗೆ ಬಟ್ಟೆ ಬಿಗಿದು ಇದೇ ಕೊಕ್ಕೆ ಕೆಲಸ ಕಲಿತರು. ಅಲ್ಲಿ ಅದಕ್ಕೆ 'ಟ್ಯಾಂಬೂರ್' ಅಂತ ಹೆಸರಾಯಿತು. 1770ರಲ್ಲಿ ಸೇಂಟ್ ಓಬೆನ್ ಅನ್ನೋನು ಕಸೂತಿ ಕಲೆಯ ಬಗ್ಗೆ ಬರೆದ ಪುಸ್ತಕದಲ್ಲಿ ಅದನ್ನೂ ವಿವರಿಸಿದ್ದಾನೆ.

ಚಮ್ಮಾರನ ಕೈಲಿದ್ದಾಗ ಆರಿ ಮುಟ್ಟಬಾರದ ಸಾಮಾನು. ಪ್ಯಾರಿಸಿನ ಹೆಂಗಸಿನ ಕೈಲಿದ್ದಾಗ ಅದೇ ಕಲೆ. ಹೊಲಿಗೆ ಬದಲಾಗಲಿಲ್ಲ, ಹಿಡಿದ ಕೈ ಯಾವುದು ಅನ್ನೋದರ ಮೇಲೆ ಬೆಲೆ ಬದಲಾಯಿತು.

ನಮ್ಮ ಕನ್ನಡ ನಾಡಿನ ಚರಿತ್ರೆಯಲ್ಲೂ ಇದು ಕಾಣುತ್ತೆ. 12ನೇ ಶತಮಾನದ ಶರಣರಲ್ಲಿ ಮಾದಾರ ಚೆನ್ನಯ್ಯ, ಮಾದಾರ ಧೂಳಯ್ಯ, ಸಮಗಾರ ಹರಳಯ್ಯ ಚರ್ಮದ ಕಾಯಕದವರು. ಸೂಜಿಕಾಯಕದ ರಾಮಿತಂದೆ ಅನ್ನೋ ಹೆಸರಿನ ವಚನಕಾರನೂ ಇದ್ದ. ಕಸುಬಿನ ಹೆಸರನ್ನೇ ತಮ್ಮ ಹೆಸರಿನ ಮುಂದೆ ಹಾಕಿಕೊಂಡು ತಲೆಯೆತ್ತಿ ನಿಂತವರು ಇವರು. ಬಟ್ಟೆಯ ಕೆಲಸವೂ ನಮಗೆ ಹೊಸದಲ್ಲ. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್, ಹೊಲೆಯರು ದಪ್ಪ ಹತ್ತಿ ಬಟ್ಟೆ ನೇಯುತ್ತಿದ್ದುದನ್ನು ತನ್ನ ಪುಸ್ತಕದಲ್ಲಿ ಬರೆದಿದ್ದಾನೆ. ಬಡವರು ಉಡುತ್ತಿದ್ದ ಬಟ್ಟೆಗೆ ಬಡವರ ಮಗ್ಗವೇ ಆಧಾರ. ಆಮೇಲೆ ಗಿರಣಿ ನೂಲು, ಗಿರಣಿ ಬಟ್ಟೆ ಬಂತು. ಮಗ್ಗ ಹೋಯಿತು, ಕೂಲಿ ಉಳಿಯಿತು.

ಕೈ ನಮ್ಮದು, ಮಾದರಿ ಅವರದು

ಬಟ್ಟೆ ಅನ್ನೋದು ಜಾತಿಯನ್ನು ಬರೆದಿಡುತ್ತಿದ್ದ ಜಾಗವೂ ಹೌದು. ತಿರುವಾಂಕೂರಿನಲ್ಲಿ ಕೆಳಜಾತಿ ಅನ್ನಿಸಿಕೊಂಡ ಹೆಂಗಸರು ಎದೆ ಮೇಲೆ ಬಟ್ಟೆ ಹಾಕಿಕೊಳ್ಳೋದಕ್ಕೂ ದಶಕಗಳ ಕಾಲ ಹೋರಾಡಬೇಕಾಯಿತು. 1859ರಲ್ಲಿ ಅರಸರು ಆಜ್ಞೆ ಹೊರಡಿಸಿ ನಾಡಾರ್ ಹೆಂಗಸರಿಗೆ ಮೈ ಮುಚ್ಚಲು ಅಪ್ಪಣೆ ಕೊಟ್ಟರು. ಆಗಲೂ ಮೇಲುಜಾತಿಯವರ ಹಾಗೆ ಉಡುವಂತಿಲ್ಲ ಅನ್ನೋ ಷರತ್ತು ಇತ್ತು. 1927ರ ಡಿಸೆಂಬರಿನಲ್ಲಿ ಮಹಾಡ್‌ನಲ್ಲಿ ಬಾಬಾಸಾಹೇಬರು ನಮ್ಮ ಹೆಂಗಸರನ್ನು ಉದ್ದೇಶಿಸಿ ಮಾತಾಡಿದಾಗ, ಜಾತಿ ಗುರುತು ಹಚ್ಚೋ ರೀತಿಯ ಸೀರೆ ಉಡುಗೆ, ಒಡವೆ ಬಿಡಿ ಅಂತ ಹೇಳಿದರು. ಬಂದಿದ್ದ ಹೆಂಗಸರು ಕೂಡಲೇ ಸೀರೆ ಉಡುವ ರೀತಿ ಬದಲಿಸಿಕೊಂಡರು. ಬಟ್ಟೆ ಬಗ್ಗೆ ಮಾತಾಡೋದು ಸಣ್ಣ ವಿಷಯ ಅಲ್ಲ ಅನ್ನೋದಕ್ಕೆ ಇಷ್ಟು ಸಾಕು.

ಅದೇ ತಿರುವಾಂಕೂರಿನ ನಾಗರಕೋವಿಲ್‌ನಲ್ಲಿ 1820ರ ಆಸುಪಾಸು ಲಂಡನ್ ಮಿಷನ್ನಿನ ಮಾರ್ತಾ ಮಾಲ್ಟ್ ಅನ್ನೋ ಹೆಂಗಸು ಹೆಣ್ಣುಮಕ್ಕಳಿಗೆ ಲೇಸ್ ಹೆಣೆಯೋದು ಕಲಿಸಿದಳು. ಜೀತದಲ್ಲಿದ್ದ ಕೆಲವು ಹೆಣ್ಣುಮಕ್ಕಳು ಲೇಸಿನಿಂದ ಬಂದ ದುಡ್ಡಿನಲ್ಲಿ ತಮ್ಮ ಬಿಡುಗಡೆಯನ್ನೇ ಕೊಂಡುಕೊಂಡರು ಅಂತ ಮಿಷನ್ ದಾಖಲೆಗಳು ಹೇಳುತ್ತವೆ. ಸೂಜಿ ದಾರ ಸಂಕೋಲೆ ಬಿಡಿಸಿದ ಕತೆ ಇದು, ಮರೆಯೋ ಹಾಗಿಲ್ಲ. ಆದರೆ ಇನ್ನೊಂದು ಮಾತೂ ಹೇಳಬೇಕು. ಆ ಲೇಸಿನ ಮಾದರಿ ಯುರೋಪಿನದು, ಕೊಳ್ಳುವವರೂ ಯುರೋಪಿನವರೇ. ಹೆಣೆದ ಕೈ ಮಾತ್ರ ನಮ್ಮವರದು.

ಅದೇ ಕಾಲದ ಇಂಗ್ಲೆಂಡಿನಲ್ಲಿ ಸೂಜಿ ಕೆಲಸಕ್ಕೆ ಶಾಲೆ, ಪರೀಕ್ಷೆ ಬರತೊಡಗಿದವು. 1872ರಲ್ಲಿ ಲಂಡನ್ನಿನಲ್ಲಿ ಕಸೂತಿಗೇ ಒಂದು ಶಾಲೆ ಶುರುವಾಯಿತು. ಇವತ್ತು ಅದು ರಾಯಲ್ ಸ್ಕೂಲ್ ಆಫ್ ನೀಡಲ್‌ವರ್ಕ್. ಅದರ ಉದ್ದೇಶಗಳಲ್ಲಿ ಒಂದು, ಓದಿದ ಒಳ್ಳೆ ಮನೆತನದ ಹೆಂಗಸರು ಕಷ್ಟಕ್ಕೆ ಬಿದ್ದರೆ ಮರ್ಯಾದೆಯಿಂದ ದುಡಿಯಲಿ ಅನ್ನೋದು. 1878ರಲ್ಲಿ ಕೈಕಸುಬುಗಳಿಗೆ ಪರೀಕ್ಷೆ ನಡೆಸೋ ಸಿಟಿ ಅಂಡ್ ಗಿಲ್ಡ್ಸ್ ಸಂಸ್ಥೆ ಬಂತು. ನಮ್ಮ ಮದ್ರಾಸಿನಲ್ಲಿ ಅಲೆಗ್ಸಾಂಡರ್ ಹಂಟರ್ ಅನ್ನೋ ಡಾಕ್ಟರ್ 1850ರಲ್ಲೇ ಕಲಾಶಾಲೆ ತೆಗೆದಿದ್ದ. ಆಮೇಲೆ ಮದ್ರಾಸ್ ಪ್ರಾಂತ್ಯದಲ್ಲಿ ಚಿತ್ರಕಲೆ, ಹೊಲಿಗೆ ಮುಂತಾದ ಕಸುಬುಗಳಿಗೆ ಸರ್ಕಾರಿ ತಾಂತ್ರಿಕ ಪರೀಕ್ಷೆಗಳು ಬಂದವು. ತಮಿಳುನಾಡಿನ ಪರೀಕ್ಷಾ ಇಲಾಖೆಯ ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಅನ್ನೋ ಹೆಸರುಗಳು ಆ ಸಾಲಿನಿಂದ ಬಂದವು.

ಈ ಶಾಲೆಗಳೆಲ್ಲ ಬಂದಾಗ ನಮ್ಮ ಜನಕ್ಕೆ ಊರ ಶಾಲೆಯ ಬಾಗಿಲೇ ತೆರೆದಿರಲಿಲ್ಲ. ಹಾಗಾಗಿ ಹೊಲಿಯೋ ಕೆಲಸ ಒಂದು ಕಡೆ, ಹೊಲಿಗೆ ಬಗ್ಗೆ ಕಾಗದ ಇನ್ನೊಂದು ಕಡೆ ಆಯಿತು.

ಕುಲಕಸುಬಿನ ಶಾಲೆ, 1953

ಈಗ ಹಿರಿಯರ ಪ್ರಶ್ನೆಗೆ ಬರೋಣ. ಅವರ ಭಯಕ್ಕೆ ಚರಿತ್ರೆಯಲ್ಲಿ ಆಧಾರ ಇದೆ.

1953ರಲ್ಲಿ ನಮ್ಮ ನೀಲಗಿರಿ ಮದ್ರಾಸ್ ರಾಜ್ಯದಲ್ಲಿತ್ತು. ರಾಜಾಜಿ ಮುಖ್ಯಮಂತ್ರಿ. ಅವರು ಹಳ್ಳಿ ಪ್ರಾಥಮಿಕ ಶಾಲೆಗಳಿಗೆ ಹೊಸ ಯೋಜನೆ ತಂದರು. ಮಕ್ಕಳು ದಿನಕ್ಕೆ ಮೂರು ಗಂಟೆ ಮಾತ್ರ ಶಾಲೆಯಲ್ಲಿ ಕೂರಬೇಕು. ಉಳಿದ ಹೊತ್ತು ಅಪ್ಪನ ಕಸುಬು ಕಲಿಯಬೇಕು. ಬಡಗಿ ಮಗ ಬಡಗಿ, ಕುಂಬಾರನ ಮಗ ಕುಂಬಾರ. ಹಾಗಾದರೆ ಚಮ್ಮಾರನ ಮಗ? ಜೀತಗಾರನ ಮಗ? ಜನ ಅದಕ್ಕೆ ಇಟ್ಟ ಹೆಸರು 'ಕುಲಕಲ್ವಿ', ಅಂದರೆ ಕುಲದ ವಿದ್ಯೆ. ಪೆರಿಯಾರ್ ಅವರ ದ್ರಾವಿಡರ್ ಕಳಗಂ, ಅಣ್ಣಾದುರೈ ಅವರ ಡಿಎಂಕೆ ಬೀದಿಗಿಳಿದವು. ಕಾಂಗ್ರೆಸ್ಸಿನ ಒಳಗೂ ವಿರೋಧ ಎದ್ದಿತು. 1954ರ ಏಪ್ರಿಲ್‌ನಲ್ಲಿ ರಾಜಾಜಿ ಹೋಗಿ ಕಾಮರಾಜ್ ಬಂದರು. ಮೇ ತಿಂಗಳಲ್ಲಿ ಯೋಜನೆ ರದ್ದಾಯಿತು.

ಆ ಹೋರಾಟದ ಮುಂದಾಳುಗಳಲ್ಲಿ ಒಬ್ಬರು ಸತ್ಯವಾಣಿ ಮುತ್ತು. 1923ರಲ್ಲಿ ಹುಟ್ಟಿದ ದಲಿತ ಹೆಣ್ಣುಮಗಳು. 1967ರಲ್ಲಿ ಅಣ್ಣಾದುರೈ ಮಂತ್ರಿಮಂಡಲದಲ್ಲಿ ಮಂತ್ರಿಯಾದರು. 1974ರಲ್ಲಿ ದಲಿತರಿಗೆ ಪಕ್ಷದಲ್ಲಿ ನ್ಯಾಯ ಸಿಗುತ್ತಿಲ್ಲ ಅಂತ ಹೊರಬಂದು ಬೇರೆ ಪಕ್ಷವನ್ನೇ ಕಟ್ಟಿದರು. 1979ರಲ್ಲಿ ಕೇಂದ್ರ ಮಂತ್ರಿಯೂ ಆದರು. 1999ರಲ್ಲಿ ತೀರಿಕೊಂಡರು. ತಮಿಳುನಾಡು ಸರ್ಕಾರ ಬಡ ಹೆಂಗಸರಿಗೆ, ಗಂಡನಿಲ್ಲದವರಿಗೆ, ಅಂಗವಿಕಲರಿಗೆ ಉಚಿತ ಹೊಲಿಗೆ ಮೆಷಿನ್ ಕೊಡುತ್ತಲ್ಲ, ಆ ಯೋಜನೆ ಇರೋದು ಇವರ ಹೆಸರಿನಲ್ಲೇ. ಮೆಷಿನ್ ತಗೊಂಡವರಲ್ಲಿ ಎಷ್ಟು ಮಂದಿಗೆ ಆ ಹೆಸರಿನ ಕತೆ ಗೊತ್ತು? ಅಪ್ಪನ ಕಸುಬೇ ಮಗುವಿಗೆ ಅನ್ನೋ ಶಾಲೆಯನ್ನು ವಿರೋಧಿಸಿ ಬೀದಿಗಿಳಿದ ಹೆಣ್ಣುಮಗಳ ಹೆಸರಲ್ಲಿ ನಮಗೆ ಹೊಲಿಗೆ ಮೆಷಿನ್ ಬರುತ್ತಿದೆ.

ಇದರಲ್ಲಿ ವಿರೋಧ ಇದೆಯಾ? ಇಲ್ಲ ಅಂತ ನನ್ನ ಅಭಿಪ್ರಾಯ. ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ಹೇಳಿದ ಮಾತಿನ ಸಾರ ಇದು: ಜಾತಿ ಕೆಲಸವನ್ನು ಮಾತ್ರ ಹಂಚಲ್ಲ, ಕೆಲಸಗಾರರನ್ನೇ ಬೇರೆ ಬೇರೆ ಮಾಡಿ ಮೇಲೆ ಕೆಳಗೆ ಕೂರಿಸುತ್ತೆ. ಯಾರಿಗೆ ಯಾವ ಕೆಲಸ ಅನ್ನೋದು ಅವರ ಆಸೆ, ಯೋಗ್ಯತೆ ನೋಡಿ ಅಲ್ಲ, ಹುಟ್ಟು ನೋಡಿ. ಅವರು ಕೈಕೆಲಸವನ್ನು ಕೀಳು ಅನ್ನಲಿಲ್ಲ. 1942ರ ಅಕ್ಟೋಬರಿನಲ್ಲಿ ವೈಸ್‌ರಾಯ್‌ಗೆ ಕೊಟ್ಟ ಮನವಿಯಲ್ಲಿ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ವಿಜ್ಞಾನ ಮತ್ತು ತಾಂತ್ರಿಕ ವಿದ್ಯೆಗೆ ವಿದ್ಯಾರ್ಥಿವೇತನ ಬೇಕು ಅಂತ ಅವರೇ ಕೇಳಿದರು. ಆಗ ಅವರು ವೈಸ್‌ರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಳ್ಳುತ್ತಿದ್ದವರು. ಕಸುಬು ಬೇಡ ಅನ್ನೋದಲ್ಲ ಅವರ ಮಾತು. ಹುಟ್ಟಿನಿಂದ ಮೈಮೇಲೆ ಬಿದ್ದ ಕಸುಬು ಬೇರೆ, ನಾನೇ ಆರಿಸಿ ಕಲಿತು ಪರೀಕ್ಷೆ ಕೊಟ್ಟು ಪಡೆದ ಕಸುಬು ಬೇರೆ.

ಈ ವಾದ ಈಗಲೂ ಮುಗಿದಿಲ್ಲ. 2023ರ ಸೆಪ್ಟೆಂಬರ್ 17ರಂದು ಕೇಂದ್ರ ಸರ್ಕಾರ ಪಿಎಂ ವಿಶ್ವಕರ್ಮ ಯೋಜನೆ ಶುರು ಮಾಡಿತು. 18 ಕಸುಬು, ಅದರಲ್ಲಿ ದರ್ಜಿಯೂ ಇದ್ದಾರೆ, ಚಮ್ಮಾರರೂ ಇದ್ದಾರೆ. ತರಬೇತಿ, ದಿನಕ್ಕೆ 500 ರೂಪಾಯಿ ಭತ್ಯೆ, ಸಾಮಾನಿಗೆ 15,000 ರೂಪಾಯಿ, ಕಡಿಮೆ ಬಡ್ಡಿಯ ಸಾಲ. ಆದರೆ ಕುಟುಂಬದ ಪಾರಂಪರಿಕ ಕಸುಬು ಆಗಿರಬೇಕು ಅನ್ನೋ ಮಾತು ಅದರಲ್ಲಿತ್ತು. ಇದು ಕುಲಕಸುಬನ್ನೇ ಗಟ್ಟಿ ಮಾಡುತ್ತೆ, ಆ ಷರತ್ತು ತೆಗೀರಿ ಅಂತ ತಮಿಳುನಾಡು ಸರ್ಕಾರ ಕೇಳಿತು. 2024ರ ನವೆಂಬರಿನಲ್ಲಿ ಈ ರೂಪದಲ್ಲಿ ಜಾರಿ ಮಾಡಲ್ಲ ಅಂತ ಮುಖ್ಯಮಂತ್ರಿ ಪತ್ರ ಬರೆದರು. 2025ರ ಏಪ್ರಿಲ್‌ನಲ್ಲಿ 'ಕಲೈಞರ್ ಕೈವಿನೈ ತಿಟ್ಟಂ' ಅಂತ ರಾಜ್ಯದ್ದೇ ಯೋಜನೆ ಬಂತು. 25 ಕಸುಬು, 3 ಲಕ್ಷದವರೆಗೆ ಸಾಲ, 25 ಶೇಕಡಾ ಸಹಾಯಧನ, ಅದು ಹೆಚ್ಚೆಂದರೆ 50,000 ರೂಪಾಯಿ. ಅಪ್ಪ ಏನು ಮಾಡುತ್ತಿದ್ದ ಅಂತ ಕೇಳಲ್ಲ. ಆದರೆ 35 ವಯಸ್ಸು ಆಗಿರಬೇಕು. ಇಪ್ಪತ್ತರ ಹುಡುಗ ಹುಡುಗಿ ಓದಲಿ, ಬೇರೆ ದಾರಿ ನೋಡಲಿ ಅನ್ನೋದು ಆ ವಯಸ್ಸಿನ ಹಿಂದಿನ ಯೋಚನೆ. ಎರಡೂ ಯೋಜನೆ ಬಗ್ಗೆ ನಮ್ಮ ಜನರಲ್ಲಿ ಬೇರೆ ಬೇರೆ ಅಭಿಪ್ರಾಯ ಇರಬಹುದು. 1953ರ ಕತೆ ಗೊತ್ತಿದ್ದರೆ ಜಗಳ ಯಾತರದು ಅಂತಾದರೂ ಅರ್ಥ ಆಗುತ್ತೆ.

ಮೊದಲ ಮೆಟ್ಟಿಲಲ್ಲೇ ಯಾಕೆ ನಿಲ್ಲುತ್ತೇವೆ

ಈಗ ತಂಗಿಯ ಪ್ರಶ್ನೆ. ಕಾಗದ ಯಾಕೆ?

ಸ್ವಾತಂತ್ರ್ಯದ ನಂತರ 1950ರಲ್ಲಿ ಕುಶಲಕರ್ಮಿ ತರಬೇತಿ ಯೋಜನೆ ಬಂತು, ಅದರಿಂದ ಐಟಿಐಗಳು ಬಂದವು. 1956ರಲ್ಲಿ ಎನ್‌ಸಿವಿಟಿ ಅನ್ನೋ ರಾಷ್ಟ್ರೀಯ ಮಂಡಳಿ ಆಯಿತು. ಅದರ ಸರ್ಟಿಫಿಕೇಟು ದೇಶದ ಯಾವ ಮೂಲೆಯಲ್ಲೂ ನಡೆಯುತ್ತೆ. ಐಟಿಐಯಲ್ಲಿ ಹೊಲಿಗೆಗೆ 'ಸೂಯಿಂಗ್ ಟೆಕ್ನಾಲಜಿ', ಕಸೂತಿಗೆ 'ಸರ್ಫೇಸ್ ಆರ್ನಮೆಂಟೇಶನ್ ಟೆಕ್ನಿಕ್ಸ್' ಅನ್ನೋ ಒಂದೊಂದು ವರ್ಷದ ಕೋರ್ಸ್ ಇವೆ. ಅದಾದ ಮೇಲೆ ಕಲಿಸುವವರಾಗೋಕೆ ಇನ್ನೊಂದು ವರ್ಷದ ಬೋಧಕರ ತರಬೇತಿ ಇದೆ. ರಾಜ್ಯದ ಪರೀಕ್ಷೆಯ ದಾರಿಯಲ್ಲಿ ಲೋಯರ್, ಹೈಯರ್, ಅದಾದ ಮೇಲೆ ಟಿ.ಟಿ.ಸಿ. ಅನ್ನೋ ಶಿಕ್ಷಕರ ಸರ್ಟಿಫಿಕೇಟು. ಸರ್ಕಾರಿ ಶಾಲೆಯ ಹೊಲಿಗೆ ಟೀಚರ್ ಕೆಲಸಕ್ಕೆ ಕೇಳೋದು ಇದನ್ನೇ. 2013ರ ಡಿಸೆಂಬರಿನಲ್ಲಿ ಎಲ್ಲ ಕೌಶಲಕ್ಕೂ ಮಟ್ಟ ಗೊತ್ತುಮಾಡೋ ರಾಷ್ಟ್ರೀಯ ಚೌಕಟ್ಟು ಬಂತು. 2015ರ ಕೌಶಲ ಯೋಜನೆಯಲ್ಲಿ, ಶಾಲೆಗೆ ಹೋಗದೆ ಮನೆಯಲ್ಲೇ ಕಲಿತವರ ಕೈಕೆಲಸ ಪರೀಕ್ಷೆ ಮಾಡಿ ಸರ್ಟಿಫಿಕೇಟು ಕೊಡೋ ದಾರಿಯೂ ತೆರೆಯಿತು.

ಮೆಟ್ಟಿಲು ಇಷ್ಟೊಂದು ಇದೆ. ನಾವು ನಿಲ್ಲೋದು ಮೊದಲನೇದರಲ್ಲೇ, ಅದೇ ಮೂರು ತಿಂಗಳ ಟೈಲರಿಂಗ್. ಅಳತೆ ತಗೋ, ಕತ್ತರಿಸು, ಹೊಲಿ. ಅದು ಬೇಕೇ ಬೇಕು, ಆದರೆ ಅಷ್ಟಕ್ಕೇ ನಿಂತರೆ ಪೀಸಿಗೆ ಇಷ್ಟು ಅನ್ನೋ ಕೂಲಿಗೇ ನಿಲ್ಲುತ್ತೇವೆ. ಮೇಲಿನ ಮೆಟ್ಟಿಲಲ್ಲಿ ಕಲಿಸೋದು ಬೇರೆ: ಬಣ್ಣ ಮತ್ತು ವಿನ್ಯಾಸ. ಯಾವ ಬಣ್ಣದ ಪಕ್ಕ ಯಾವುದು, ಖಾಲಿ ಜಾಗ ಎಷ್ಟು ಬಿಡಬೇಕು, ಒಂದು ಹೂವನ್ನು ಅಂಚಿಗೆ, ತೋಳಿಗೆ, ಬೆನ್ನಿಗೆ ಹೇಗೆ ಹೊಂದಿಸಬೇಕು. ಗಿರಾಕಿ ಫೋನಿನಲ್ಲಿ ತೋರಿಸಿದ ಫೋಟೋ ನೋಡಿ ಹಾಗೇ ಹೊಲಿಯೋದಕ್ಕೂ, "ನಿಮ್ಮ ಸೀರೆಗೆ ಇದು ಒಪ್ಪುತ್ತೆ" ಅಂತ ತಾನೇ ಬರೆದು ತೋರಿಸೋದಕ್ಕೂ ಕೂಲಿಯಲ್ಲಿ ಬಹಳ ವ್ಯತ್ಯಾಸ ಇದೆ. ನಾಗರಕೋವಿಲ್ ಲೇಸಿನ ಪಾಠವೂ ಇದೇ. ಮಾದರಿ ಯಾರದೋ ರೇಟು ಅವರದು.

ಬಣ್ಣದಲ್ಲಿ ಕಲಿಯೋಕೆ ಏನಿದೆ, ಕಣ್ಣಿಗೆ ಕಂಡಿದ್ದು ಸಾಲದಾ ಅಂತ ಕೇಳಬಹುದು. ಒಂದು ಕತೆ ಹೇಳ್ತೀನಿ. ಪ್ಯಾರಿಸಿನಲ್ಲಿ ಗೋಬ್ಲಿನ್ ಅಂತ ಚಿತ್ರದ ಪರದೆ ನೇಯೋ ದೊಡ್ಡ ಸರ್ಕಾರಿ ಕಾರ್ಖಾನೆ. 1824ರಲ್ಲಿ ಷೆವ್ರಲ್ ಅನ್ನೋ ರಸಾಯನ ವಿಜ್ಞಾನಿ ಅಲ್ಲಿನ ಬಣ್ಣ ಹಾಕೋ ವಿಭಾಗದ ಮುಖ್ಯಸ್ಥನಾದ. ನಿಮ್ಮ ಕಪ್ಪು ದಾರ ಸರಿಯಿಲ್ಲ, ನೇಯ್ದ ಮೇಲೆ ಮಂಕಾಗುತ್ತೆ ಅಂತ ನೇಕಾರರ ದೂರು. ಅವನು ಬೇರೆ ಕಡೆಯ ಕಪ್ಪು ದಾರದ ಜೊತೆ ಇಟ್ಟು ನೋಡಿದ. ಬಣ್ಣದಲ್ಲಿ ತಪ್ಪಿಲ್ಲ. ಆ ಕಪ್ಪನ್ನು ನೀಲಿ, ನೇರಳೆ ಪಕ್ಕದಲ್ಲಿ ನೇಯುತ್ತಿದ್ದರು, ಪಕ್ಕದ ಬಣ್ಣವೇ ಕಪ್ಪಿನ ಬಲ ಕಡಿಮೆ ಮಾಡುತ್ತಿತ್ತು. ಯಾವ ಬಣ್ಣವೂ ಒಂಟಿಯಾಗಿ ಕಾಣಲ್ಲ, ಪಕ್ಕದ ಬಣ್ಣದ ಜೊತೆ ಸೇರಿಯೇ ಕಾಣುತ್ತೆ ಅನ್ನೋದನ್ನು ಅವನು 1839ರಲ್ಲಿ ದೊಡ್ಡ ಪುಸ್ತಕವಾಗಿ ಬರೆದ. ಇವತ್ತೂ ಬಣ್ಣದ ಪಾಠ ಅಲ್ಲಿಂದಲೇ ಶುರು. ನೀಲಿ ಬ್ಲೌಸಿನ ಮೇಲೆ ಕಪ್ಪು ಮಣಿ ಹಾಕಿ ಎದ್ದು ಕಾಣಲಿಲ್ಲ ಅಂತ ಬಿಚ್ಚಿ ಕೂತವರಿಗೆ ಇದು ಗೊತ್ತಾಗುತ್ತೆ. ಎರಡು ಗಂಟೆ ಬಿಚ್ಚೋ ಕೆಲಸ ಉಳಿಸೋದೇ ವಿದ್ಯೆ.

ನೆರೆಹೊರೆಯ ಸೂಜಿಗಳು

ವಿನ್ಯಾಸದ ಪಾಠಕ್ಕೆ ಪ್ಯಾರಿಸಿಗೇ ಹೋಗಬೇಕಾಗಿಲ್ಲ. ನಮ್ಮ ಬೆಟ್ಟದ ಮೇಲೇ ತೋಡವರಿದ್ದಾರೆ. ಬಿಳಿ ಹತ್ತಿ ಬಟ್ಟೆ, ಮೇಲೆ ಕೆಂಪು ಕಪ್ಪು ದಾರ. ತೋಡ ಹೆಂಗಸರು ಗೆರೆ ಎಳೆಯಲ್ಲ, ಚೌಕಟ್ಟು ಹಾಕಲ್ಲ. ಬಟ್ಟೆಯ ಎಳೆಗಳನ್ನೇ ಬೆರಳಿನಲ್ಲಿ ಎಣಿಸಿ ಹೊಲಿಯುತ್ತಾರೆ. ಎರಡೇ ಬಣ್ಣದಲ್ಲಿ ಅಷ್ಟು ಗಾಂಭೀರ್ಯ ತರೋದು ಹೇಗೆ ಅಂತ ಯಾವ ಕಾಲೇಜೂ ಅವರಿಗಿಂತ ಚೆನ್ನಾಗಿ ಕಲಿಸಲ್ಲ. 2013ರಲ್ಲಿ ತೋಡ ಕಸೂತಿಗೆ ಜಿಐ, ಅಂದರೆ ಭೌಗೋಳಿಕ ಗುರುತು ಸಿಕ್ಕಿತು. ತೋಡರ ಸಂಘ, ಕೋತಗಿರಿಯ ಕೀಸ್ಟೋನ್ ಫೌಂಡೇಶನ್, ಪೂಂಪುಹಾರ್ ಸೇರಿ ಅರ್ಜಿ ಹಾಕಿದ್ದರು. ಅದೇ ಮಾದರಿಯನ್ನು ಬೇರೆಯವರು ಮೆಷಿನ್ನಿನಲ್ಲಿ ಹೊಲಿದು ತೋಡ ಶಾಲು ಅಂತ ಮಾರೋದನ್ನು ತಡೆಯೋಕೆ ಅವರ ಕೈಗೆ ಈಗ ಕಾನೂನು ಇದೆ. ನಾವೂ ಅದನ್ನು ನಕಲು ಮಾಡಬಾರದು. ನಮಗೆ ಆದ ಅನ್ಯಾಯವನ್ನೇ ನಾವು ಇನ್ನೊಬ್ಬರಿಗೆ ಮಾಡಿದ ಹಾಗಾಗುತ್ತೆ.

ಧಾರವಾಡ ಕಡೆಯ ಕಸೂತಿಯೂ ಎಳೆ ಎಣಿಸೋ ಕೆಲಸವೇ. ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಅಂತ ನಾಲ್ಕು ಹೊಲಿಗೆ. ಗವಂತಿಯೂ ಮುರ್ಗಿಯೂ ಬಟ್ಟೆಯ ಎರಡೂ ಕಡೆ ಒಂದೇ ಥರ ಕಾಣುತ್ತವೆ, ಗಂಟು ಹಾಕೋ ಹಾಗಿಲ್ಲ. ಚಂದ್ರಕಾಳಿ ಅನ್ನೋ ಕಪ್ಪು ಸೀರೆ ಮೇಲೆ ಗೋಪುರ, ತೇರು, ಆನೆ, ನವಿಲು. ಗ್ರಾಫ್ ಕಾಗದದ ಮೇಲೆ ಲೆಕ್ಕ ಹಾಕೋಕೆ ಬಂದವರಿಗೆ ಇದು ಬೇಗ ಹಿಡಿಯುತ್ತೆ. ಹೊಲಿಗೆ ಅಂದರೆ ಗಣಿತ ಕೂಡ ಅಂತ ನಮ್ಮ ಶಾಲೆ ಮಕ್ಕಳಿಗೆ ತೋರಿಸೋಕೆ ಇದಕ್ಕಿಂತ ಒಳ್ಳೆ ಪಾಠ ಇಲ್ಲ.

ಬಳ್ಳಾರಿ ಸೀಮೆಯ ಸಂಡೂರಿನ ಲಂಬಾಣಿ ಹೆಣ್ಣುಮಕ್ಕಳ ಕತೆ ನಮಗೆ ಇನ್ನೂ ಹತ್ತಿರದ್ದು. ಕರ್ನಾಟಕದಲ್ಲಿ ಲಂಬಾಣಿಗಳು ಪರಿಶಿಷ್ಟ ಜಾತಿಯವರು. ತಾಂಡಾದಲ್ಲಿ ತಮ್ಮ ಲಂಗ ರವಿಕೆಗೆ ತಾವೇ ಹಾಕಿಕೊಳ್ಳುತ್ತಿದ್ದ ಕಸೂತಿ, ಸಂಡೂರು ಕುಶಲ ಕಲಾ ಕೇಂದ್ರದ ಮೂಲಕ ಹೊರಗೆ ಬಂತು. ಅದಕ್ಕೂ ಜಿಐ ಗುರುತು ಸಿಕ್ಕಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಹೆಂಗಸರು ಮಾಡಿದ 1,755 ಕಸೂತಿ ತುಂಡುಗಳ ಪ್ರದರ್ಶನ ಗಿನ್ನಿಸ್ ದಾಖಲೆಗೆ ಹೋಯಿತು. ತಾಂಡಾದ ಸೂಜಿಗೆ ಲೋಕ ಕಾಗದ ಕೊಟ್ಟಿತು.

ಇಲ್ಲಿ ಒಂದು ವಿಷಯ ಗಮನಿಸಿ. ಜಿಐ ಸಿಗೋದು ಒಂದು ಜಾಗಕ್ಕೆ, ಅಲ್ಲಿಯ ಸಮುದಾಯಕ್ಕೆ. ನಮ್ಮ ಮಾವನಲ್ಲಕ್ಕೆ ಅಂಥ ಒಂದು ಕಸೂತಿ ಹಿಂದಿನಿಂದ ಬಂದಿಲ್ಲ. ನಮ್ಮ ಹಿರಿಯರಿಗೆ ಕೂತು ಹೂ ಬಿಡಿಸೋ ಬಿಡುವನ್ನು ಯಾರೂ ಕೊಡಲಿಲ್ಲ. ಹಾಗಾಗಿ ನಮಗೆ ಉಳಿದಿರೋದು ಕಲಿತು, ಪರೀಕ್ಷೆ ಕೊಟ್ಟು ಪಡೆಯೋ ಕಾಗದವೇ. ಅದು ಕಡಿಮೆಯದಲ್ಲ. ಅದರ ಮೇಲೆ ಅಪ್ಪನ ಕಸುಬು ಬರೆದಿರಲ್ಲ, ಕಲಿತವರ ಹೆಸರು ಬರೆದಿರುತ್ತೆ.

ಇಲ್ಲಿ, ಈಗ

ಇದನ್ನು ಈಗಲೇ ಯಾಕೆ ಹೇಳಬೇಕಾಯಿತು ಅಂದರೆ ನಮ್ಮ ಸೀಗೂರು ಬಯಲಿನ ಬದುಕು ಬದಲಾಗಿದೆ. 2018ರ ಆಗಸ್ಟ್‌ನಲ್ಲಿ ಆನೆ ದಾರಿಯ ರೆಸಾರ್ಟುಗಳನ್ನು ಮುಚ್ಚಿಸಲು ಸುಪ್ರೀಂ ಕೋರ್ಟು ಹೇಳಿತು. 2020ರ ಅಕ್ಟೋಬರಿನಲ್ಲಿ ಆನೆ ದಾರಿಯ ತೀರ್ಪನ್ನು ಎತ್ತಿ ಹಿಡಿಯಿತು. ಆನೆಗೂ ದಾರಿ ಬೇಕು, ಅದರಲ್ಲಿ ಮಾತಿಲ್ಲ. ಆದರೆ ರೂಮು ಗುಡಿಸುತ್ತಿದ್ದ, ಅಡುಗೆ ಮಾಡುತ್ತಿದ್ದ, ಜೀಪು ಓಡಿಸುತ್ತಿದ್ದ ನಮ್ಮ ಜನಕ್ಕೆ ಬೇರೆ ದಾರಿ ಯಾರು ತೋರಿಸಿದರು? ಕಾಡಿನ ಮಧ್ಯೆ ಮನೆಯಲ್ಲಿ ಕೂತು ಮಾಡಬಹುದಾದ, ಕಾಡಿಗೆ ತೊಂದರೆ ಕೊಡದ, ಬೆಲೆ ಬರೋ ಕೆಲಸಗಳು ಕೆಲವೇ. ಒಳ್ಳೆ ಸೂಜಿ ಕೆಲಸ ಅದರಲ್ಲಿ ಒಂದು. ಹೆಣ್ಣುಮಕ್ಕಳಿಗೆ ಮಾತ್ರ ಅಂತಲೂ ಅಲ್ಲ. ಮೋಚಿ ಭರತ ಮಾಡಿದವರು ಗಂಡಸರೇ. ಹುಡುಗರು ನಾಚಿಕೆ ಪಡಬೇಕಾದ್ದೇನಿಲ್ಲ.

ಕಷ್ಟಗಳು ಇಲ್ಲ ಅನ್ನೋದಿಲ್ಲ. ಊಟಿಗೆ ಹೋಗಿ ಬರೋಕೆ ಕಲ್ಹಟ್ಟಿ ಘಾಟಿಯ 36 ತಿರುವು. ಸಂಜೆ ಆದರೆ ಆನೆ, ಹುಲಿ ಭಯ, ಸಂಜೆ ಕ್ಲಾಸು ಆಗಲ್ಲ. ಮನೆಮಾತು ಕನ್ನಡ, ಅರ್ಜಿ, ಆಫೀಸಿನ ಮಾತು ತಮಿಳು. ಅದಕ್ಕೆ ಸಂಘದ ಮುಂದೆ ನಾಲ್ಕು ಸಣ್ಣ ಕೆಲಸ ಇಡುತ್ತೇನೆ.

ಒಂದು, ಹೊಲಿಗೆ ಬರೋ ಅಕ್ಕ ತಂಗಿಯರೆಲ್ಲ ಒಂದೊಂದು ಮಾದರಿ ಪುಸ್ತಕ ಇಡಬೇಕು. ಕಲಿತ ಪ್ರತಿ ಹೊಲಿಗೆಯ ತುಂಡು ಬಟ್ಟೆ ಅಂಟಿಸಿ, ಬಣ್ಣದ ಹೆಸರು, ತಾರೀಕು ಬರೆಯಬೇಕು. ಪರೀಕ್ಷೆಗೆ ಹೋದಾಗಲೂ, ಗಿರಾಕಿ ಬಂದಾಗಲೂ ಅದೇ ಸಾಕ್ಷಿ.

ಎರಡು, ಸಂಘದ ಕೋಣೆಯಲ್ಲಿ ಭಾನುವಾರ ಹಗಲು ಹೊತ್ತು ಎರಡು ಗಂಟೆ ಗ್ರಾಫ್ ಕಾಗದ, ಬಣ್ಣದ ಪೆನ್ಸಿಲ್ ಇಟ್ಟು ಕೂರೋಣ. ಶಾಲೆಯಲ್ಲಿ ಚಿತ್ರ ಚೆನ್ನಾಗಿ ಬರೆಯೋ ಮಕ್ಕಳೂ ಬರಲಿ.

ಮೂರು, ಲೋಯರ್ ಆದವರನ್ನು ಹೈಯರ್‌ಗೆ ಕಟ್ಟಿಸೋಣ, ಐಟಿಐ ಅರ್ಜಿ ಕಾಲ ಬಂದಾಗ ಹುಡುಗರು ತಮಿಳಿನಲ್ಲಿ ಅರ್ಜಿ ತುಂಬಿಕೊಡೋಣ. ಜಾತಿ ಸರ್ಟಿಫಿಕೇಟು ಮೊದಲೇ ಮಾಡಿಸಿಡೋಣ, ಕೊನೇ ದಿನ ತಾಲ್ಲೂಕು ಆಫೀಸಿಗೆ ಓಡೋದು ಬೇಡ.

ನಾಲ್ಕು, ಒಬ್ಬರಾದರೂ ಬೋಧಕರ ತರಬೇತಿವರೆಗೆ ಹೋಗಬೇಕು. ಕಲಿಸೋಕೆ ಹೊರಗಿನಿಂದ ಯಾರೋ ಬರೋದು ನಿಂತು, ನಮ್ಮವಳೇ ಕಪ್ಪು ಹಲಗೆ ಮುಂದೆ ನಿಲ್ಲೋ ದಿನ ಬಂದರೆ, ಆ ದಿನದ ಫೋಟೋ ಮುಂದಿನ ಯಾವುದಾದರೂ ವರ್ಷದ ಈ ಸಂಚಿಕೆಯ ಮುಖಪುಟಕ್ಕೆ ಹಾಕೋಣ.

ಹಿರಿಯರಿಗೆ ನನ್ನ ಉತ್ತರ ಇಷ್ಟೇ: ದೊಡ್ಡಪ್ಪ, ನಿಮ್ಮಪ್ಪ ಬಿಟ್ಟು ಬಂದ ಆರಿ ಅವರು ಆರಿಸಿಕೊಂಡದ್ದಲ್ಲ, ಊರು ಅವರ ಕೈಗೆ ತುರುಕಿದ್ದು. ಬಿಟ್ಟದ್ದು ಸರಿ. ಈಗ ಮೊಮ್ಮಗಳು ಹಿಡಿಯೋದು ಅವಳಿಗೆ ಇಷ್ಟ ಇದ್ದರೆ ಮಾತ್ರ. ಇಷ್ಟ ಇಲ್ಲದಿದ್ದರೆ ನರ್ಸ್ ಆಗಲಿ, ವಕೀಲೆ ಆಗಲಿ, ಯಾರೂ ತಡೆಯೋ ಹಾಗಿಲ್ಲ.

ತಂಗಿಗೆ ಉತ್ತರ: ಬ್ಲೌಸ್ ಹೊಲಿಯೋಕೆ ಕಾಗದ ಯಾರೂ ಕೇಳಲ್ಲ, ನಿಜ. ಆದರೆ ಬ್ಲೌಸ್ ಹೇಗಿರಬೇಕು ಅಂತ ಹೇಳೋಕೆ, ಅದಕ್ಕೆ ಬೆಲೆ ಕಟ್ಟೋಕೆ, ಇನ್ನೊಬ್ಬರಿಗೆ ಕಲಿಸೋಕೆ ಕೇಳ್ತಾರೆ. ಇಷ್ಟು ದಿನ ಆ ಮೂರು ಕೆಲಸವನ್ನೂ ಬೇರೆಯವರು ಮಾಡಿದರು. ಅರ್ಜಿ ಫಾರಂ ಸಂಘದ ಕೋಣೆಯಲ್ಲಿ ಇಟ್ಟಿರುತ್ತೇವೆ. ಬಂದು ತುಂಬಮ್ಮ.

ಜೈ ಭೀಮ್.